ಶಾಲೆಯ ಗೋಡೆ ಚಂದ ಇದ್ದರೆ ಸಾಕಾ? ಮಕ್ಕಳ ಕೈಗೂ ಎಟುಕಬೇಕು

ಕಬಕ: ಶಾಲೆಯ ಗೋಡೆಗೆ ಪೇಂಟ್ ಹೊಡೆಸಬೇಕು, ಚಿತ್ರ ಬರೆಸಬೇಕು, ಏನಾದರೂ ಸಹಾಯ ಮಾಡಿ ಎಂದು ಎಸ್‌ಡಿಎಂಸಿಯವರು ಅಂಗಡಿಗೆ ಬರುವುದು ನಮ್ಮ ಕಡೆ ಮಾಮೂಲು. ಊರವರು ಕೈಲಾದಷ್ಟು ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಫೋಟೋದಲ್ಲಿ ಶಾಲೆ ಚಂದ ಕಾಣುತ್ತದೆ. ಆದರೆ ಆ ಗೋಡೆಯಿಂದ ಒಂದನೇ ಕ್ಲಾಸಿನ ಮಗು ಏನು ಕಲಿಯಿತು ಎಂದು ಕೇಳುವವರು ಕಡಿಮೆ.

ನಲಿ-ಕಲಿ ಹೇಳಿದ್ದೇನು?

ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು ಇದನ್ನು ರೂಪಿಸಿದರು. 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ನಲಿ-ಕಲಿಯಲ್ಲಿ ಗೋಡೆ ಅಲಂಕಾರಕ್ಕಲ್ಲ, ಕೆಲಸಕ್ಕೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳೇ ಬರೆಯುವ ಕಪ್ಪುಹಲಗೆ. ತಲೆ ಮೇಲೆ ದಾರ ಕಟ್ಟಿದ 'ಚಪ್ಪರ', ಅದರಲ್ಲಿ ನೇತಾಡುವುದು ಮಕ್ಕಳು ಮಾಡಿದ ಚಿತ್ರ, ಬರಹ. ತಾನು ಎಲ್ಲಿಯವರೆಗೆ ಬಂದಿದ್ದೇನೆ ಎಂದು ಮಗುವೇ ನೋಡಿಕೊಳ್ಳಲು ಕಲಿಕಾ ಏಣಿ. ಜೊತೆಗೆ ದಿನಾ ಗುರುತು ಹಾಕುವ ಹವಾಮಾನ ನಕ್ಷೆ.

ಜಾಸ್ತಿಯಾದರೂ ಕಷ್ಟ

ಗೋಡೆ ತುಂಬ ಚಾರ್ಟ್ ಅಂಟಿಸಿದರೆ ಕಲಿಕೆ ಹೆಚ್ಚುತ್ತದೆ ಎಂದೇನೂ ಇಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಪುಟ್ಟ ಮಕ್ಕಳಿಗೆ ಎರಡು ರೀತಿಯ ಕೋಣೆಯಲ್ಲಿ ಪಾಠ ಮಾಡಿದ್ದರು. ಖಾಲಿ ಗೋಡೆಯ ಕೋಣೆಯಲ್ಲಿ ಮಕ್ಕಳ ಸರಿ ಉತ್ತರ ಶೇ. 55, ಚಿತ್ರ ತುಂಬಿದ ಕೋಣೆಯಲ್ಲಿ ಶೇ. 42. ಪಾಠಕ್ಕೆ ಸಂಬಂಧ ಇಲ್ಲದ ಚಿತ್ರಗಳು ಮಕ್ಕಳ ಗಮನವನ್ನು ಅತ್ತ ಎಳೆದಿದ್ದವು. ಸಣ್ಣ ಅಧ್ಯಯನವೇ ಆದರೂ ಯೋಚಿಸುವ ವಿಷಯ. ಗೋಡೆ ಬೋಳು ಬಿಡಬೇಕು ಅಂತಲ್ಲ, ಈಗಿನ ಪಾಠಕ್ಕೆ ಬೇಕಾದ್ದು ಮಾತ್ರ ಇರಲಿ.

ಏನು ಮಾಡಬಹುದು?

* ಎತ್ತರ: ಆರು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿಯಲ್ಲಿ ಇರುತ್ತದೆ. ಮಗು ಓದಬೇಕಾದ್ದು ಅಲ್ಲೇ ಇರಬೇಕು. ಏಳೆಂಟು ಅಡಿ ಮೇಲೆ ಬರೆದದ್ದು ದೊಡ್ಡವರಿಗೆ ಮಾತ್ರ.

* ಬದಲಾವಣೆ: ಒಂದೇ ಚಾರ್ಟ್ ವರ್ಷವಿಡೀ ಇದ್ದರೆ ಮಕ್ಕಳು ಅದನ್ನು ನೋಡುವುದನ್ನೇ ಬಿಡುತ್ತಾರೆ. ಪಾಠ ಮುಗಿದಾಗ ತೆಗೆಯಿರಿ.

* ಮಳೆ ಲೆಕ್ಕ: ಜೂನ್‌ನಲ್ಲಿ ಮಳೆ ಬಂದ ದಿನಕ್ಕೆ ಮಕ್ಕಳೇ ಒಂದೊಂದು ಗೆರೆ ಹಾಕಲಿ. ತಿಂಗಳ ಕೊನೆಗೆ ಎಣಿಸಿದರೆ ಅದೇ ಗಣಿತ.

* ಮನೆ ಭಾಷೆ: ಇಲ್ಲಿನ ಮಕ್ಕಳು ಮನೆಯಲ್ಲಿ ತುಳು, ಬ್ಯಾರಿ ಮಾತಾಡುವವರು. ಬೆಕ್ಕಿನ ಚಿತ್ರದ ಕೆಳಗೆ 'ಬೆಕ್ಕು', ಪಕ್ಕದಲ್ಲಿ 'ಪುಚ್ಚೆ' ಎಂದೂ ಇದ್ದರೆ ಕನ್ನಡ ಬೇಗ ಹತ್ತಿರವಾಗುತ್ತದೆ.

* ಊರಿನ ನಕ್ಷೆ: ಕಬಕ ಪೇಟೆ, ವಿಟ್ಲ ರಸ್ತೆ, ಮಾಣಿ, ಪುತ್ತೂರು. ತನ್ನ ಮನೆ ಎಲ್ಲಿ ಎಂದು ಮಗು ತಾನೇ ಗುರುತಿಸಲಿ.

* ತೇವ: ನಮ್ಮ ಮಳೆಗಾಲಕ್ಕೆ ಗೋಡೆಗೆ ಅಂಟಿಸಿದ ಕಾಗದ ಬೂಸ್ಟು ಹಿಡಿಯುತ್ತದೆ. ದಾರಕ್ಕೆ ಕ್ಲಿಪ್ ಹಾಕಿ ನೇತು ಹಾಕಿದರೆ ಉಳಿಯುತ್ತದೆ.

ಅಂಗಡಿಯವರಿಗೆ ಒಂದು ಮಾತು

ಇದಕ್ಕೆಲ್ಲ ಸಾವಿರಗಟ್ಟಲೆ ಬೇಡ. ಹಳೆ ಕ್ಯಾಲೆಂಡರ್‌ನ ಅಂಕಿ, ಸಾಬೂನು ಬಿಸ್ಕಿಟ್ ಪೆಟ್ಟಿಗೆಯ ರಟ್ಟು, ತರಕಾರಿ ರೇಟಿನ ಚೀಟಿ, ಒಂದು ಉಂಡೆ ದಾರ ಸಾಕು. ಅಂಗಡಿಯಲ್ಲಿ ದಿನಾ ನೋಡುವ ಬೋರ್ಡ್, ಪ್ಯಾಕೆಟ್‌ನ ಹೆಸರನ್ನು ಮಕ್ಕಳು ಬೇಗ ಗುರುತಿಸುತ್ತಾರೆ. ಓದು ಅಲ್ಲಿಂದಲೂ ಶುರುವಾಗಬಹುದು.

ಮಕ್ಕಳ ಕಲಿಕೆಯ ಪ್ರಯೋಗ ಪುತ್ತೂರಿಗೆ ಹೊಸತಲ್ಲ. ಶಿವರಾಮ ಕಾರಂತರು ಪರ್ಲಡ್ಕದ ಬಾಲವನದಲ್ಲಿ ಎಷ್ಟೋ ದಶಕದ ಹಿಂದೆಯೇ ಅದನ್ನು ಮಾಡಿದ್ದರು. ಮುಂದಿನ ಸಲ ಶಾಲೆಯವರು ಪೇಂಟಿಗೆಂದು ಬಂದಾಗ ಹಣ ಕೊಡುವ ಮೊದಲು ಒಂದು ಪ್ರಶ್ನೆ ಕೇಳಬಹುದು: ಇದರಲ್ಲಿ ಮಕ್ಕಳು ಬರೆಯುವ ಜಾಗ ಎಷ್ಟು?