ಆಟದ ಯುದ್ಧವೂ ಇಂದಿನ ಯುದ್ಧವೂ

ಅಂತರಜಾಲದ ಮೂಲಕ ಬೇರೆ ಬೇರೆ ಊರಿನ ಹತ್ತಾರು ಜನ ಏಕಕಾಲಕ್ಕೆ ಕೂಡಿ ಆಡುವ ಯುದ್ಧದ ಆಟಗಳನ್ನು ಅರಿಯದ ತರುಣರು ಇಂದು ವಿರಳ. ‘ಕಾಲ್ ಆಫ್ ಡ್ಯೂಟಿ’, ‘ಬ್ಯಾಟಲ್‌ಫೀಲ್ಡ್’ ಮೊದಲಾದ ಹೆಸರುಗಳು ನಮ್ಮ ವಾಚನಾಲಯದ ಮೆಟ್ಟಿಲ ಮೇಲೂ ಕೇಳಿಬರುತ್ತವೆ. ಹೀಗೆ ಆಡುವವರಲ್ಲಿ ಅಗ್ನಿವೀರರ ಭರ್ತಿಗಾಗಿ ಬೆಳಗಿನ ಜಾವ ಓಟದ ಅಭ್ಯಾಸ ಮಾಡುವವರೂ ಉಂಟು. ಆದುದರಿಂದ ಈ ಆಟಗಳು ಯುದ್ಧವನ್ನು ಎಷ್ಟರಮಟ್ಟಿಗೆ ನಿಜವಾಗಿ ತೋರಿಸುತ್ತವೆ ಎಂದು ವಿಚಾರಿಸುವುದು ಬರಿಯ ಕಾಲಹರಣವಲ್ಲ.

ಬಂದೂಕಿನ ವಿಷಯದಲ್ಲಿ ಆಟ ತಯಾರಿಸುವವರ ಶ್ರದ್ಧೆ ದೊಡ್ಡದು. ಗುಂಡಿನ ಸದ್ದು, ಲೋಹದ ಹೊಳಪು, ಸಮವಸ್ತ್ರದ ಹೊಲಿಗೆ ಕೂಡ ತಪ್ಪುವುದಿಲ್ಲ. ‘ಆರ್ಮಾ 3’ ಎಂಬ ಆಟದ ದೃಶ್ಯಗಳನ್ನು ಜನರು ನಿಜವಾದ ಯುದ್ಧದ ಚಿತ್ರಗಳೆಂದು ಹಂಚತೊಡಗಿದ್ದರಿಂದ, ಅವನ್ನು ಗುರುತಿಸುವ ಬಗೆಯನ್ನು 2022ರಲ್ಲಿ ತಯಾರಕರೇ ಪ್ರಕಟಿಸಬೇಕಾಯಿತು. ಆಟಗಳು ತಪ್ಪುವುದು ಬೇರೆ ಕಡೆ. ಆಟಗಾರನು ಬಟ್ಟಬಯಲಿನಲ್ಲಿ ಓಡುತ್ತಾನೆ, ಹತ್ತು ಜನರನ್ನು ಕೆಡವುತ್ತಾನೆ, ತಾನು ಸತ್ತರೆ ಕೆಲವೇ ಸೆಕೆಂಡುಗಳಲ್ಲಿ ಮತ್ತೆ ಎದ್ದು ಬರುತ್ತಾನೆ.

2022ರ ಫೆಬ್ರವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಮಾಡಿದ ಮೇಲೆ ಜಗತ್ತು ಕಂಡ ಯುದ್ಧವೇ ಬೇರೆ. ಅಲ್ಲಿ ಸಿಪಾಯಿ ಮೊದಲು ಹೆದರುವುದು ಎದುರಿನ ಬಂದೂಕಿಗಲ್ಲ, ತಲೆಯ ಮೇಲಿನ ಕಣ್ಣಿಗೆ. ನಾಲ್ಕು ಪುಟ್ಟ ಪಂಖಗಳ ಡ್ರೋನ್ ಹಾರಿ ಬರುತ್ತದೆ. ಅದನ್ನು ನಡೆಸುವವನು ಕೆಲವು ಮೈಲು ಹಿಂದೆ ನೆಲಮಾಳಿಗೆಯಲ್ಲಿ ಕುಳಿತು, ಕಣ್ಣಿಗೆ ಕಟ್ಟಿದ ಪರದೆಯಲ್ಲಿ ಅದು ಕಂಡುದನ್ನೆಲ್ಲ ಕಾಣುತ್ತಾನೆ. ಕೆಲವು ನೂರು ಡಾಲರಿನ ಈ ಯಂತ್ರ ಕೋಟಿಗಟ್ಟಲೆ ಬೆಲೆಯ ಟ್ಯಾಂಕನ್ನು ಕೆಡಿಸಬಲ್ಲದು. ರೇಡಿಯೋ ಅಲೆಗಳನ್ನು ಕದಡಿ ಅದನ್ನು ಕುರುಡು ಮಾಡುವ ಜಾಮರುಗಳು ಬಂದವು. ಅದಕ್ಕೆ ಉತ್ತರವಾಗಿ, ಕೂದಲಿನಂಥ ಗಾಜಿನ ಎಳೆಯನ್ನು ಹಿಂದೆ ಬಿಚ್ಚುತ್ತ ಹಾರುವ ಡ್ರೋನುಗಳು ಬಂದವು. ಸಂದೇಶವು ಎಳೆಯಲ್ಲೇ ಹರಿಯುವುದರಿಂದ ಜಾಮರು ಅವನ್ನು ತಡೆಯಲಾರದು. ರಸ್ತೆಗಳ ಮೇಲೆ ಮೈಲುಗಟ್ಟಲೆ ಬಲೆ ಕಟ್ಟಿದ್ದಾರೆ. ಮುಂಚೂಣಿಗೆ ವಾಹನ ಹೋಗಲಾರದ ಕಡೆ ನೀರು, ಮದ್ದುಗುಂಡುಗಳನ್ನು ಮನುಷ್ಯರೇ ಹೊತ್ತು ನಡೆಯಬೇಕು. ಗಾಯಗೊಂಡವನು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಗುಂಡಿಯಲ್ಲೇ ಕಾಯಬೇಕು.

2021ರಲ್ಲಿ ಬಂದ ‘ಬ್ಯಾಟಲ್‌ಫೀಲ್ಡ್ 2042’ರಲ್ಲಿ 128 ಜನ ಕೂಡಿ ಆಡುವ ಏರ್ಪಾಡಿತ್ತು, ಡ್ರೋನೂ ಇತ್ತು. ಆದರೆ ಅದು ಕೆಲವರ ಕೈಯ ಉಪಕರಣವಾಗಿತ್ತೇ ಹೊರತು ಎಲ್ಲರ ನಡೆಯನ್ನು ಬದಲಿಸುವ ಭಯವಾಗಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮೊದಲು ತಿದ್ದಬೇಕಾದುದು ಅಂಕದ ಲೆಕ್ಕ. ಕಾಣದೆ ಉಳಿದವನಿಗೆ, ಜಾಮರು ಹೊತ್ತವನಿಗೆ, ಗಾಯಾಳುವನ್ನು ಹಿಂದಕ್ಕೆ ತಂದವನಿಗೆ, ಕೊಂದವನಿಗಿಂತ ಹೆಚ್ಚು ಅಂಕ ಸಿಗಬೇಕು.

ಮೂರು ದಿನ ಗುಂಡಿಯಲ್ಲಿ ಕುಳಿತಿರುವ ಆಟವನ್ನು ಹಣ ಕೊಟ್ಟು ಯಾರು ಆಡುತ್ತಾರೆ ಎಂದು ಕೇಳಬಹುದು. ಯಾರೂ ಆಡುವುದಿಲ್ಲ, ನಿಜ. ಆದರೆ ಹೊತ್ತನ್ನು ಕುಗ್ಗಿಸಿದ ಮಾತ್ರಕ್ಕೆ ಪ್ರಮಾಣವನ್ನೂ ಕೆಡಿಸಬೇಕೆಂದಿಲ್ಲ. ‘ಸ್ಕ್ವಾಡ್’ ಎಂಬ ಆಟದಲ್ಲಿ ಐವತ್ತು ಜನರ ಎರಡು ಪಕ್ಷಗಳಿರುತ್ತವೆ. ಅಲ್ಲಿ ಯಾರಾದರೊಬ್ಬರು ಲಾರಿ ಓಡಿಸಿ ಸಾಮಾನು ತಂದು ಹಾಕದಿದ್ದರೆ ಠಾಣ್ಯ ಕಟ್ಟಲಾಗದು, ಮದ್ದುಗುಂಡು ತೀರಿದವನಿಗೆ ಮತ್ತೆ ಸಿಗದು. ಗಿರಣಿಯ ಸ್ಟೋರಿನ ಲೆಕ್ಕ ಬರೆಯುವ ನಮಗೆ ಈ ಲಾರಿಯ ಚಾಲಕನ ಮೇಲೆ ವಿಶೇಷ ಪ್ರೀತಿ. 2023ರಲ್ಲಿ ಇದೇ ಆಟವನ್ನು ಮಾರ್ಪಡಿಸಿ, ಓಡಿ ದಣಿದವನ ಕೈ ನಡುಗುವಂತೆ, ಗುರಿ ಹಿಡಿಯುವುದು ಕಷ್ಟವಾಗುವಂತೆ ಮಾಡಿದರು. ಹಳಬರಲ್ಲಿ ಕೆಲವರು ಗೊಣಗಿದರು. ಆದರೂ ಆಟ ನಿಲ್ಲಲಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತಲೂ ದೊಡ್ಡದು. ಆಟದ ಊರುಗಳಲ್ಲಿ ಮನೆಗಳಿವೆ, ಅಂಗಡಿಗಳಿವೆ, ವಾಸಿಸುವ ಜನರಿಲ್ಲ. ನಿಜವಾದ ಯುದ್ಧ ನಡೆಯುವುದು ಮುದುಕರೂ ಮಕ್ಕಳೂ ಇರುವ ಊರಿನಲ್ಲಿ. ಅಂಥವರ ರಕ್ಷಣೆಗಾಗಿಯೂ 1949ರ ಜಿನೀವಾ ಒಪ್ಪಂದಗಳಲ್ಲಿ ಕಟ್ಟಳೆಗಳಿವೆ. 2017ರಲ್ಲಿ ‘ಆರ್ಮಾ 3’ಕ್ಕೆ ಯುದ್ಧದ ಕಾನೂನುಗಳ ಬಗ್ಗೆ ಒಂದು ಭಾಗ ಸೇರಿತು, ಅದರಲ್ಲಿ ಆಟಗಾರನು ನೆಲಬಾಂಬುಗಳನ್ನು ತೆಗೆಯುವ ಸೇವಕ. 2023ರಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯು ‘ಫೋರ್ಟ್‌ನೈಟ್’ ಆಟದಲ್ಲಿ ನಾಲ್ಕು ನಿಯಮಗಳ ಪಂದ್ಯವನ್ನು ಏರ್ಪಡಿಸಿತು: ಬಿದ್ದವನಿಗೆ ಹೊಡೆಯಬಾರದು, ಹೋರಾಡದವರಿಗೆ ಹೊಡೆಯಬಾರದು, ಜನವಸತಿಯ ಕಟ್ಟಡಗಳನ್ನು ಕೆಡವಬಾರದು, ಗಾಯಗೊಂಡವನು ಯಾವ ಪಕ್ಷದವನಾದರೂ ಔಷಧ ಕೊಡಬೇಕು. ಇವು ಆಗಾಗ ನಡೆಯುವ ವಿಶೇಷ ಪಂದ್ಯಗಳಲ್ಲಿ ಮಾತ್ರವಲ್ಲದೆ ದಿನನಿತ್ಯದ ಆಟದಲ್ಲಿಯೇ ಇರಬೇಕು. ಕೈ ಎತ್ತಿದವನನ್ನು ಕೊಂದ ತಂಡವು, ಎಷ್ಟೇ ಚೆನ್ನಾಗಿ ಗುರಿ ಹೊಡೆದಿದ್ದರೂ, ಆ ಪಂದ್ಯವನ್ನು ಸೋಲಬೇಕು.