ಕಾಡುಹೊಗೆಸೊಪ್ಪು ಮತ್ತು ಧೂಮಪಾನದ ಚಟ

ಮಳೆಗಾಲ ಕಳೆದ ಮೇಲೆ ಮಹಾಬಳೇಶ್ವರಕ್ಕೋ ಬಾಬಾಬುಡನ್‌ಗಿರಿಗೋ ಪ್ರವಾಸ ಹೋದವರು ಹುಲ್ಲಿನ ಇಳಿಜಾರುಗಳಲ್ಲಿ ಆಳೆತ್ತರವನ್ನೂ ಮೀರಿ ನೆಟ್ಟಗೆ ನಿಂತ, ತುದಿಯಲ್ಲಿ ಬಿಳಿಯ ಹೂಗೊಂಚಲನ್ನು ಹೊತ್ತ ಗಿಡವೊಂದನ್ನು ಕಂಡಿರಬಹುದು. ಕನ್ನಡದಲ್ಲಿ ಇದು ಕಾಡುಹೊಗೆಸೊಪ್ಪು. ಮರಾಠಿಯಲ್ಲಿ ರಾನತಂಬಾಖು, ಮಲಯಾಳದಲ್ಲಿ ಕಾಟ್ಟುಪುಕಯಿಲ. ಮೂರು ಹೆಸರುಗಳಿಗೂ ಅರ್ಥ ಒಂದೇ. ಶಾಸ್ತ್ರೀಯ ನಾಮವಾದ ಲೊಬೀಲಿಯ ನಿಕೋಟಿಯಾನಿಫೋಲಿಯ ಎಂಬುದೂ ಹೊಗೆಸೊಪ್ಪಿನಂಥ ಎಲೆಯುಳ್ಳದ್ದು ಎಂದೇ ಹೇಳುತ್ತದೆ. ಆದರೆ ಸಂಬಂಧವೇನೂ ಇಲ್ಲ. ನಿಜವಾದ ಹೊಗೆಸೊಪ್ಪು ಬದನೆ, ಆಲೂಗಡ್ಡೆಗಳ ಕುಟುಂಬದ್ದು, ಅಮೆರಿಕ ಖಂಡದಿಂದ ಬಂದದ್ದು. ಇದು ಬೇರೊಂದು ಕುಟುಂಬಕ್ಕೆ ಸೇರಿದ, ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಶ್ರೀಲಂಕೆಯಲ್ಲಿಯೂ ತಾನಾಗಿ ಬೆಳೆಯುವ ಸಸ್ಯ.

ಇದರ ಕಾಂಡ ಪೊಳ್ಳು. ಘಟ್ಟದ ಜನರು ಒಣಗಿದ ಕಾಂಡದಿಂದ ಕೊಂಬು ಮಾಡಿ, ಅದನ್ನೂದಿ ಕಾಡುಹಂದಿಗಳನ್ನು ಓಡಿಸುತ್ತಿದ್ದರು. ಬೇರನ್ನು ಚೇಳಿನ ವಿಷಕ್ಕೂ, ಎಲೆಯನ್ನು ಉಬ್ಬಸಕ್ಕೂ ಬಳಸಿದ್ದುಂಟು. ಒಣಗಿದ ಗಿಡದ ಧೂಳು ಮೂಗು, ಗಂಟಲುಗಳನ್ನು ನಸ್ಯದಂತೆಯೇ ಕೆರಳಿಸುತ್ತದೆ.

ಈ ಖಾರಕ್ಕೆ ಕಾರಣ ಅದರಲ್ಲಿರುವ ಕ್ಷಾರಸತ್ವಗಳು, ಮುಖ್ಯವಾದುದು ಲೊಬೀಲೀನ್. ಇದೇ ವಸ್ತು ಉತ್ತರ ಅಮೆರಿಕದ ಸೋದರ ಗಿಡವಾದ ಲೊಬೀಲಿಯ ಇನ್‌ಫ್ಲೇಟದಲ್ಲಿಯೂ ಇದೆ. ಅಲ್ಲಿ ಸ್ಯಾಮ್ಯುಯೆಲ್ ಥಾಮ್ಸನ್ ಎಂಬ ನಾಟಿವೈದ್ಯ ಆ ಗಿಡವನ್ನು ಕೊಟ್ಟು ವಾಂತಿ ಮಾಡಿಸುವುದನ್ನೇ ಚಿಕಿತ್ಸೆಯನ್ನಾಗಿ ಮಾಡಿಕೊಂಡಿದ್ದ. ರೋಗಿಯೊಬ್ಬ ಸತ್ತುದಕ್ಕಾಗಿ 1809ರಲ್ಲಿ ಅವನ ಮೇಲೆ ಕೊಲೆಯ ಮೊಕದ್ದಮೆ ನಡೆದು ಖುಲಾಸೆಯಾಯಿತು. ಖುಲಾಸೆಯಿಂದ ಅವನ ಕೀರ್ತಿ ಹೆಚ್ಚಿತೇ ಹೊರತು ಗಿಡದ ವಿಷ ಕಡಿಮೆಯಾಗಲಿಲ್ಲ! ಮುಂದೆ ಜರ್ಮನಿಯ ರಸಾಯನಶಾಸ್ತ್ರಜ್ಞ ಹೈನ್ರಿಖ್ ವೀಲಾಂಟ್ ಲೊಬೀಲೀನಿನ ರಚನೆಯನ್ನು ಬಿಡಿಸಿದ ಮೇಲೆ, ಉಸಿರು ಕುಂದಿದವರಿಗೆ ಅದನ್ನು ಚುಚ್ಚುಮದ್ದಾಗಿ ಕೊಡುವ ಪದ್ಧತಿ ಕೆಲಕಾಲ ನಡೆದು, ಬಳಿಕ ಕೈಬಿಟ್ಟುಹೋಯಿತು.

ನಿಕೋಟಿನ್ ಮತ್ತು ಲೊಬೀಲೀನ್‌ಗಳ ಅಣುಗಳು ಒಂದನ್ನೊಂದು ಹೋಲುವುದಿಲ್ಲ. ಆದರೂ ನರಕೋಶದಲ್ಲಿ ನಿಕೋಟಿನ್ ಬಂದು ಕೂರುವ ಸ್ಥಾನದಲ್ಲಿಯೇ ಲೊಬೀಲೀನ್ ಕೂಡ ಕೂರಬಲ್ಲದು. ಇದರಿಂದಲೇ ದೊಡ್ಡದೊಂದು ಆಸೆ ಹುಟ್ಟಿತು: ಸಿಗರೇಟಿನ ಬದಲು ಲೊಬೀಲೀನ್ ಗುಳಿಗೆ ನುಂಗಿದರೆ ಚಟ ತಾನಾಗಿ ಬಿಟ್ಟುಹೋಗಬಾರದೇಕೆ? ಪಾಶ್ಚಾತ್ಯ ದೇಶಗಳಲ್ಲಿ ಇಂಥ ಗುಳಿಗೆಗಳು ದಶಕಗಳ ಕಾಲ ವೈದ್ಯರ ಚೀಟಿಯಿಲ್ಲದೆಯೇ ಮಾರಾಟವಾದವು. ಪರೀಕ್ಷೆಗಳಲ್ಲಿ ಮಾತ್ರ ಪ್ರಯೋಜನ ಸಿದ್ಧವಾಗಲಿಲ್ಲ. 1993ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆ ಮಾರಾಟವನ್ನು ನಿಲ್ಲಿಸಿತು.

ಬೀಡಿ, ಸಿಗರೇಟು ಬಿಡಬೇಕೆಂದಿರುವವರಿಗೆ ‘ಗಿಡಮೂಲಿಕೆಯಲ್ಲವೇ, ಅಪಾಯವೇನು’ ಎಂದು ಯಾರಾದರೂ ಈ ಸೊಪ್ಪನ್ನು ಸೂಚಿಸಿದರೆ ಇದಿಷ್ಟು ನೆನಪಿರಲಿ: ಒಂದೊಂದು ಗಿಡದಲ್ಲಿ ಸತ್ವದ ಪ್ರಮಾಣ ಒಂದೊಂದು ಬಗೆ, ಪ್ರಮಾಣ ಮೀರಿದರೆ ವಾಂತಿ, ಬೆವರು, ನಡುಕದಿಂದ ಮೊದಲಾಗಿ ಸೆಳವು, ಪ್ರಜ್ಞಾಹೀನತೆಗಳವರೆಗೂ ಹೋಗಬಹುದು. ಗರ್ಭಿಣಿಯರೂ ಹೃದ್ರೋಗಿಗಳೂ ಇದನ್ನು ಮುಟ್ಟಲೇಬಾರದು. ಹೊಗೆಸೊಪ್ಪು ಬಿಡಲು ನೆರವಾಗುವ, ಪರೀಕ್ಷೆಗೊಳಪಟ್ಟ ಔಷಧಗಳು ಇಂದು ವೈದ್ಯರ ಬಳಿ ಇವೆ. ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಶುಲ್ಕರಹಿತ ದೂರವಾಣಿ ಸೇವೆಯ ಸಂಖ್ಯೆ 1800-11-2356.