ಹಳೆಯ ದ್ರಾಕ್ಷಾರಸದ ಹರಾಜು

ಬೆಂಗಳೂರು ದಂಡು ಪ್ರದೇಶದ ರೆಸಿಡೆನ್ಸಿ ರಸ್ತೆಯಲ್ಲಿರುವ ಬೆಂಗಳೂರು ಕ್ಲಬ್ಬಿನಲ್ಲಿ ಹಳೆಯ ಲೆಕ್ಕದ ಪುಸ್ತಕವೊಂದನ್ನು ಜೋಪಾನವಾಗಿ ಇಟ್ಟಿದ್ದಾರೆ. 1899ನೆಯ ಇಸವಿ ಜೂನ್ 1ನೆಯ ತಾರೀಖಿನ ಬರಹ. ವಸೂಲಾಗದ ಬಾಕಿಗಳ ಪಟ್ಟಿ. ಅದರಲ್ಲಿ ಲೆಫ್ಟಿನೆಂಟ್ ಡಬ್ಲ್ಯು. ಎಲ್. ಎಸ್. ಚರ್ಚಿಲ್ ಎಂಬ ಹೆಸರಿನ ಮುಂದೆ 13 ರೂಪಾಯಿ ಎಂದಿದೆ. 1896ರಲ್ಲಿ ಹುಸಾರ್ ಕುದುರೆ ಪಡೆಯೊಡನೆ ಈ ಊರಿಗೆ ಬಂದಿದ್ದ ಆ ತರುಣನೇ ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್. ಆ ಕಾಲದ ಲೆಕ್ಕದ ಪುಸ್ತಕಗಳೆಷ್ಟೋ ರದ್ದಿಯ ಪಾಲಾದವು. ಈ ಹಾಳೆ ಮಾತ್ರ ಉಳಿದು ಬೆಲೆಯುಳ್ಳದ್ದಾಯಿತು. ಯಾರದು, ಎಂದಿನದು, ಇಷ್ಟು ಕಾಲ ಎಲ್ಲಿತ್ತು ಎಂಬ ಮೂರು ಪ್ರಶ್ನೆಗಳಿಗೂ ಅದು ತಾನೇ ಉತ್ತರ ಹೇಳುತ್ತದೆ.

ಇದೇ ದಂಡಿನ ಕಾಕ್ಸ್ ಟೌನ್, ರಿಚರ್ಡ್ಸ್ ಟೌನ್, ಹಲಸೂರುಗಳಲ್ಲಿ ಹಳೆಯ ಬಂಗಲೆಗಳು ಉರುಳಿ ಬಹುಮಹಡಿ ಕಟ್ಟಡಗಳೇಳುತ್ತಿವೆ. ಉಗ್ರಾಣ ಖಾಲಿ ಮಾಡುವಾಗ ಮೂಲೆಯಲ್ಲಿ ಧೂಳು ಹಿಡಿದ ಸೀಸೆಯೊಂದು ದೊರೆತರೆ ಮನೆಯವರ ಕಣ್ಣು ಅರಳುವುದು ಸಹಜವೇ. ತಾತನ ಕಾಲದ ದ್ರಾಕ್ಷಾರಸ! ಲಂಡನ್ನಿನಲ್ಲಿ ಇಂಥವು ಲಕ್ಷಗಟ್ಟಲೆಗೆ ಹೋಗುವುವಂತೆ! ಸೀಸೆಯ ಬಿರಡೆ ತೆಗೆಯುವ ಮೊದಲೇ ಅಣ್ಣತಮ್ಮಂದಿರು ಮನಸ್ಸಿನಲ್ಲಿ ಪಾಲು ಹಂಚಿಕೊಂಡಿರುತ್ತಾರೆ.

ಈ ಆಸೆ ಕೇವಲ ಗಾಳಿಗೋಪುರವಲ್ಲ. 2018ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ 1945ನೆಯ ಇಸವಿಯ ರೊಮಾನೆ-ಕಾಂಟಿಯ ಒಂದೇ ಒಂದು ಸೀಸೆಗೆ 5,58,000 ಡಾಲರು ಬಂದಿತು. ನಮ್ಮ ಲೆಕ್ಕದಲ್ಲಿ ನಾಲ್ಕು ಕೋಟಿ ರೂಪಾಯಿಗೂ ಮಿಕ್ಕಿ. ಹರಾಜಿನವರೇ 32,000 ಡಾಲರಿಗಿಂತ ಹೆಚ್ಚು ಬಾರದೆಂದು ಎಣಿಸಿದ್ದರು. ಆ ವರ್ಷ ತಯಾರಾದದ್ದು ಸುಮಾರು 600 ಸೀಸೆಗಳು ಮಾತ್ರ. ಆ ಬಳಿಕ ಹಳೆಯ ಬಳ್ಳಿಗಳನ್ನು ಕಿತ್ತುಹಾಕಿದರು. ಆದರೆ ಸವಾಲು ಅಷ್ಟೆತ್ತರಕ್ಕೆ ಏರಿದ್ದಕ್ಕೆ ಇನ್ನೊಂದು ಕಾರಣವುಂಟು. ಅದು ಬಂದದ್ದು ಫ್ರಾನ್ಸಿನ ಹೆಸರಾಂತ ದ್ರಾಕ್ಷಾರಸ ವ್ಯಾಪಾರಿ ರಾಬರ್ಟ್ ದ್ರುಆ ಅವರ ಸ್ವಂತ ನೆಲಮಾಳಿಗೆಯಿಂದ. ಊರೂರು ಅಲೆದ ಸೀಸೆಯಲ್ಲ.

ಅಲೆದ ಸೀಸೆಯ ಗತಿಯೇನೆಂಬುದಕ್ಕೆ 1985ರ ಕಥೆಯೊಂದಿದೆ. 1787 ಎಂದು ಕೊರೆದಿದ್ದ ಲಾಫೀತ್ ಸೀಸೆಯೊಂದು ಆ ವರ್ಷದ ಡಿಸೆಂಬರ್ 5ರಂದು ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ 1,05,000 ಪೌಂಡಿಗೆ ಮಾರಾಟವಾಯಿತು. ಅಮೆರಿಕದ ಅಧ್ಯಕ್ಷ ಜೆಫರ್ಸನ್ ಅವರಿಗೆ ಸೇರಿದ್ದೆಂದು ಪ್ರಚಾರ. ಕೊಂಡ ಫೋರ್ಬ್ಸ್ ಮನೆತನದವರು ಅದನ್ನು ದೀಪದ ಬೆಳಕಿನಲ್ಲಿ ಪ್ರದರ್ಶನಕ್ಕಿಟ್ಟರು. ಬಿಸಿಗೆ ಬಿರಡೆ ಒಣಗಿ ಸೀಸೆಯೊಳಕ್ಕೇ ಬಿದ್ದುಹೋಯಿತು! ಅದೇ ಮೂಲದ ಸೀಸೆಗಳನ್ನು ಸುಮಾರು ಐದು ಲಕ್ಷ ಡಾಲರು ತೆತ್ತು ಕೊಂಡಿದ್ದ ಬಿಲ್ ಕೋಕ್ ಎಂಬ ಶ್ರೀಮಂತರು ಮುಂದೆ ಪರೀಕ್ಷೆ ಮಾಡಿಸಿದಾಗ, ಗಾಜಿನ ಮೇಲಿನ ಅಕ್ಷರಗಳನ್ನು ವಿದ್ಯುತ್ ಉಪಕರಣದಿಂದ ಕೊರೆದಿದ್ದಾರೆಂಬ ಅಭಿಪ್ರಾಯ ಹೊರಬಿತ್ತು. ಜೆಫರ್ಸನ್ ಅವರ ಕಾಲದಲ್ಲಿ ವಿದ್ಯುತ್ ಯಂತ್ರವೆಲ್ಲಿಯದು?

ನಮ್ಮ ದಂಡಿಗೂ ಹಳೆಯ ಮದ್ಯದ ಹರಾಜು ಹೊಸದಲ್ಲ. 1809ರಲ್ಲಿ ಹಲಸೂರಿನ ಬಳಿ ದಂಡು ನೆಲೆಯೂರಿದಾಗ ನಡೆಯುತ್ತಿದ್ದುದು ಕಂಪನಿಯ ಆಡಳಿತ. ಆಗ ಅಧಿಕಾರಿಯೊಬ್ಬ ಸತ್ತರೆ ಅವನ ಕುದುರೆ, ಜೀನು, ಬಟ್ಟೆಬರೆ, ಕುಡಿದು ಮಿಕ್ಕ ಸೀಸೆಗಳವರೆಗೆ ಸಕಲವನ್ನೂ ಜೊತೆಗಾರರ ನಡುವೆಯೇ ಹರಾಜು ಹಾಕಿ, ಹಣವನ್ನು ವಾರಸುದಾರರಿಗೆ ಕಳುಹಿಸುವುದು ಕಂಪನಿ ಸೈನ್ಯದ ವಾಡಿಕೆ. ಯಾರು ಏನನ್ನು ಎಷ್ಟಕ್ಕೆ ಕೊಂಡರೆಂಬ ಇಂಥ ಪಟ್ಟಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂದಿಗೂ ಇವೆ.

ಆ ಅಧಿಕಾರಿಗಳ ಅಚ್ಚುಮೆಚ್ಚಿನ ಪಾನೀಯ ಮದೀರಾ. ಪೋರ್ಚುಗೀಸರ ದ್ವೀಪವೊಂದರಲ್ಲಿ ತಯಾರಾಗುವ ಈ ದ್ರಾಕ್ಷಾರಸದ ಸ್ವಭಾವವೇ ವಿಚಿತ್ರ. ಬಿಸಿಲು, ಸೆಕೆ, ಹಡಗಿನ ಕುಲುಕಾಟ ಇವೆಲ್ಲ ಅದಕ್ಕೆ ಮೈಗೂಡುತ್ತವೆ. ಪೀಪಾಯಿಗಳನ್ನು ಹಡಗಿನಲ್ಲಿ ಭಾರತಕ್ಕೆ ಕಳುಹಿಸಿ, ಹಾಗೆಯೇ ಹಿಂದಕ್ಕೆ ತರಿಸಿ, ‘ಈಸ್ಟ್ ಇಂಡಿಯಾ ಮದೀರಾ’ ಎಂದು ಹೆಚ್ಚಿನ ಬೆಲೆಗೆ ಮಾರುತ್ತಿದ್ದರು. ನಮ್ಮ ಸೆಕೆಗೆ ಬೆಲೆ ಕಟ್ಟಿದವರೂ ಇದ್ದರೆಂದು ಸಮಾಧಾನಪಡಬಹುದು. 1766ರಲ್ಲಿ ಜೇಮ್ಸ್ ಕ್ರಿಸ್ಟಿ ನಡೆಸಿದ ಮೊಟ್ಟಮೊದಲ ಹರಾಜಿನಲ್ಲಿಯೂ ಮದೀರಾ ಇತ್ತು.

ಬೋರ್ಡೊ ಪ್ರಾಂತದ ದ್ರಾಕ್ಷಾರಸದ ಜಾತಿ ಬೇರೆ. (ನಮ್ಮ ಅಡಿಕೆ ತೋಟದವರು ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣಕ್ಕೆ ಆ ಹೆಸರು ಬಂದದ್ದು ಅಲ್ಲಿನ ದ್ರಾಕ್ಷಿ ತೋಟಗಳಿಂದಲೇ.) ಅದಕ್ಕೆ ಕತ್ತಲೆ ಬೇಕು, ತಂಪು ಬೇಕು, ಸುಮಾರು 12 ಡಿಗ್ರಿಯ ಶೀತದಲ್ಲಿ ಅಲ್ಲಾಡದೆ ಅಡ್ಡ ಮಲಗಿರಬೇಕು. ಬೆಂಗಳೂರಿನ ಹವೆ ತಂಪೆಂದು ಎಷ್ಟೇ ಕೊಂಡಾಡಿದರೂ ಏಪ್ರಿಲ್ ತಿಂಗಳ ಮಧ್ಯಾಹ್ನ ಮಂಗಳೂರು ಹೆಂಚಿನ ಕೆಳಗೆ 35 ಡಿಗ್ರಿ ಏರುವುದೇನೂ ಅಪರೂಪವಲ್ಲ. ನೆಟ್ಟಗೆ ನಿಲ್ಲಿಸಿದ ಸೀಸೆಯ ಬಿರಡೆ ಒಣಗಿ ಕುಗ್ಗುತ್ತದೆ, ಗಾಳಿ ಒಳಹೋಗುತ್ತದೆ, ರಸ ಹುಳಿಯುತ್ತದೆ. ಆದ್ದರಿಂದಲೇ ಹರಾಜಿನವರು ಮೊದಲು ನೋಡುವುದು ಇಸವಿಯನ್ನಲ್ಲ. ಸೀಸೆಯ ಕತ್ತಿನಲ್ಲಿ ರಸ ಎಲ್ಲಿಯವರೆಗೆ ಇದೆ ಎಂಬುದನ್ನು. ಹೆಗಲಿಗಿಂತ ಕೆಳಗಿಳಿದಿದ್ದರೆ ಬೆಲೆಯೂ ಇಳಿಯಿತೆಂದೇ ಅರ್ಥ.

ಪೇಟೆಯ ಧಾರಣೆಯಾದರೂ ಒಂದೇ ಸಮನಿರುವುದೇ? 2008ರಲ್ಲಿ ಹಾಂಗ್‌ಕಾಂಗ್ ಸರಕಾರವು ದ್ರಾಕ್ಷಾರಸದ ಮೇಲಿನ ಸುಂಕವನ್ನು ತೆಗೆದುಹಾಕಿತು. ಚೀನದ ಧನಿಕರು ಮುಗಿಬಿದ್ದರು. 2010ರಲ್ಲಿ ಅಲ್ಲಿ 1869ನೆಯ ಇಸವಿಯ ಲಾಫೀತ್ ಸೀಸೆಗಳು ಮೂರು, ನೇರವಾಗಿ ತೋಟದ ನೆಲಮಾಳಿಗೆಯಿಂದ ಬಂದವು, ತಲಾ 2,30,000 ಡಾಲರಿಗೂ ಮೀರಿ ಹೋದವು. 2011ರಲ್ಲಿ ಲಾಫೀತ್ ಬೆಲೆ ಶಿಖರ ಮುಟ್ಟಿ ಜಾರತೊಡಗಿತು. ಮತ್ತೆ ಏರಿದ ಪೇಟೆ 2022ರ ಕೊನೆಯಿಂದ ಮತ್ತೆ ಇಳಿಮುಖವಾಯಿತು.

ಏರಿದಾಗಲೂ ಮಾರುವವನ ಕೈಗೆ ಬರುವುದೆಷ್ಟು? ಕೂಗಿನಲ್ಲಿ ಒಂದು ಲಕ್ಷಕ್ಕೆ ನಿಂತ ಪೆಟ್ಟಿಗೆಯನ್ನು ಒಬ್ಬರು ಕೊಂಡರೆನ್ನಿ. ಹರಾಜಿನವರ ಶುಲ್ಕ ಶೇಕಡ 25 ಸೇರಿ ತೆತ್ತದ್ದು 1,25,000. ಹತ್ತು ವರ್ಷದ ಮೇಲೆ ಅದೇ ಪೆಟ್ಟಿಗೆ ಒಂದೂವರೆ ಲಕ್ಷಕ್ಕೆ ಹೋಯಿತು. ಮಾರುವವರಿಂದ ಶೇಕಡ 10 ಕಮಿಷನ್ ಮುರಿದರೆ ಕೈಗೆ ಬಂದದ್ದು 1,35,000. ಲಾಭ ಹತ್ತು ಸಾವಿರ! ಅದರಲ್ಲೇ ಉಗ್ರಾಣದ ಬಾಡಿಗೆ, ವಿಮೆ. ಬ್ಯಾಂಕಿನಲ್ಲಿ ಶೇಕಡ 4ರ ಸರಳ ಬಡ್ಡಿಗಿಟ್ಟಿದ್ದರೂ ಐವತ್ತು ಸಾವಿರ ಬರುತ್ತಿತ್ತು. ಭಾರತಕ್ಕೆ ತರಿಸುವ ಸೀಸೆಗೆ ಬಹುಕಾಲ ಶೇಕಡ 150ರ ಆಮದು ಸುಂಕವಿದ್ದುದರಿಂದ, ಹೊರದೇಶದಲ್ಲಿ ಕೊಂಡದ್ದನ್ನು ಅಲ್ಲಿಯೇ ಇಟ್ಟು ಮಾರುವುದಲ್ಲದೆ ಮನೆಗೆ ತಂದರೆ ಲೆಕ್ಕ ಇನ್ನೂ ಕೆಡುತ್ತಿತ್ತು.

ಮೋಸದ ಕಡೆಗೆ ಬಂದರೆ, ರೂಡಿ ಕುರ್ನಿಯಾವಾನ್ ಎಂಬಾತನ ಕ್ಯಾಲಿಫೋರ್ನಿಯದ ಮನೆಯಲ್ಲಿ 2012ರಲ್ಲಿ ಸೀಸೆಗಳು, ಬಿರಡೆಗಳು, ಹಳೆಯದರಂತೆ ಕಾಣುವ ಚೀಟಿಗಳ ರಾಶಿಯೇ ಸಿಕ್ಕಿತು. ಹೊಸದನ್ನು ಬೆರೆಸಿ ಹಳೆಯದೆಂದು ಮಾರುತ್ತಿದ್ದ ಅವನಿಗೆ 2014ರಲ್ಲಿ 10 ವರ್ಷ ಸೆರೆಮನೆಯಾಯಿತು. ಅವನ ಕಸುಬಿಗೆ ಬಂಡವಾಳ ಪ್ರಸಿದ್ಧ ತೋಟಗಳ ಖಾಲಿ ಸೀಸೆ.

ಇನ್ನು ಬಂಗಲೆಯ ಉಗ್ರಾಣದಲ್ಲಿ ಸಿಕ್ಕ ಸೀಸೆ. ಅದನ್ನು ಕೊಂಡ ರಸೀದಿಯಾಗಲಿ, ಎಲ್ಲಿ ಹೇಗೆ ಇಟ್ಟಿದ್ದರೆಂಬ ಬರಹವಾಗಲಿ ಇಲ್ಲದಿದ್ದರೆ ಲಂಡನ್ನಿನ ದೊಡ್ಡ ಹರಾಜಿನವರು ಕೈಗೆತ್ತಿಕೊಳ್ಳುವುದು ಕಷ್ಟ. ಇಲ್ಲಿಯೇ ಮಾರೋಣವೆಂದರೆ 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ಮಾರುವಂತಿಲ್ಲ. ಮದೀರಾ ಆಗಿದ್ದರೆ ನೂರು ವರ್ಷದ ಮೇಲೂ ಕುಡಿಯಲು ಚೆನ್ನಾಗಿದ್ದೀತು. ಬೋರ್ಡೊ ಆಗಿದ್ದರೆ ಉಪ್ಪಿನಕಾಯಿಗೂ ಬಾರದ ಹುಳಿ. ಯಾವುದೇ ಆಗಲಿ, ಬರಿದಾದ ಸೀಸೆಯನ್ನು ಶಿವಾಜಿನಗರದ ಗುಜರಿಗೆ ಹಾಕುವ ಮುನ್ನ ಅದರ ಮೇಲಿನ ಚೀಟಿಯನ್ನು ನೀರಿನಲ್ಲಿ ನೆನೆಸಿ ಕೆರೆದುಬಿಡುವುದು ಒಳ್ಳೆಯದು.